ದುಡ್ಡು ಕೊಟ್ಟು ತಂದ ನಂಬರು: ರೋಬೋಕಾಲ್ ಲೀಡ್ ಕೊಳ್ಳುವ ಏಜೆಂಟರ ಜೊತೆ ಒಂದು ಮಾತು

ವಿದ್ಯಾನಗರ_ಏಜೆಂಟ್

ನಾನು ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ವಿಮೆ ಏಜೆಂಟ್. ಜೀವ ವಿಮೆಯಿಂದ ಶುರು ಮಾಡಿದವನು, ಈಗ ಆರೋಗ್ಯ ವಿಮೆಯನ್ನೂ ಮಾಡುತ್ತೇನೆ. ಹೋದ ತಿಂಗಳು ಒಂದು ತಪ್ಪು ಮಾಡಿದೆ. ಇಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಏಜೆಂಟರು ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು. ದಾವಣಗೆರೆ ಜಿಲ್ಲೆಯ ಫ್ರೆಶ್ ಲೀಡ್ (ವಿಮೆ ಕೊಳ್ಳಬಹುದಾದವರ ನಂಬರು), ಒಂದಕ್ಕೆ 30 ರೂಪಾಯಿ, ಎಲ್ಲರೂ ತಾವಾಗಿಯೇ ಆಸಕ್ತಿ ತೋರಿಸಿದವರು ಅಂತ. ಆ ತಿಂಗಳು ನನ್ನದು ಬರೀ ಎರಡು ಪಾಲಿಸಿ ಆಗಿತ್ತು. 200 ನಂಬರಿಗೆ 6,000 ರೂಪಾಯಿ ಕಳಿಸಿದೆ. ಐದು ನಿಮಿಷದಲ್ಲಿ ಶೀಟ್ ಬಂತು. ಹೆಸರು, ನಂಬರು, ಪಿನ್‌ಕೋಡ್, ವಯಸ್ಸು. ಕೊನೆಯ ಕಾಲಂನಲ್ಲಿ ‘ಆಸಕ್ತಿ: ಹೌದು’. 200 ಸಾಲಿನಲ್ಲೂ ಅದೇ ಹೌದು.

ಇಪ್ಪತ್ತಮೂರನೇ ಸಾಲು ಚನ್ನಗಿರಿ ಕಡೆಯ ಒಂದು ಗಂಡಸಿನ ಹೆಸರು. ಫೋನ್ ಎತ್ತಿದ್ದು ಹೆಂಗಸು. ವಿಮೆ ವಿಷಯ ಅಂತ ನಾನು ಹೇಳಿ ಮುಗಿಸುವ ಮೊದಲೇ ಕೇಳಿದರು: “ಆ ಬೋನಸ್ ದುಡ್ಡು ಯಾವಾಗ ಬರ್ತದೆ ಸಾರ್?”

ನನಗೆ ಅರ್ಥ ಆಗಲಿಲ್ಲ. ಯಾವ ಬೋನಸ್ ಅಮ್ಮಾ ಅಂದೆ. ಅವರ ಗಂಡ ಶ್ರಾವಣದಲ್ಲಿ ತೀರಿಕೊಂಡಿದ್ದರು. ಅದಾದ ಮೇಲೆ ಆ ಫೋನಿಗೆ ರೆಕಾರ್ಡ್ ಮಾಡಿದ ದನಿಯಲ್ಲಿ ಒಂದು ಕರೆ, ಅಂದರೆ ರೋಬೋಕಾಲ್, ಬಂದಿತ್ತಂತೆ. ನಿಮ್ಮ ಪಾಲಿಸಿಯ ಬೋನಸ್ ಬಾಕಿ ಇದೆ, ಪಡೆಯಲು 1 ಒತ್ತಿ. ಅವರು ಒತ್ತಿದರು. ಯಾರಾದರೂ ಫೋನ್ ಮಾಡುತ್ತಾರೆ ಅಂತ ಕಾಯುತ್ತಿದ್ದರು. ಮಾಡಿದವನು ನಾನು.

ನನ್ನ ಶೀಟಿನಲ್ಲಿದ್ದ ‘ಹೌದು’ ಅಂದರೆ ಇದು. ಸತ್ತವರ ಫೋನಿನಲ್ಲಿ ಹೆಂಡತಿ ಒತ್ತಿದ 1.

ವಿಚಾರಿಸಿ ಹೇಳುತ್ತೇನೆ ಅಮ್ಮಾ ಅಂದೆ. ನೀವೇ ಮಾಡಿ ಸಾರ್, ಮರೀಬೇಡಿ ಅಂದರು. ಫೋನ್ ಇಟ್ಟ ಮೇಲೆ ಉಳಿದ 177 ನಂಬರಿಗೆ ಕರೆ ಮಾಡಲು ನನಗೆ ಆಗಲಿಲ್ಲ. ಮೊದಲ ಇಪ್ಪತ್ತೆರಡು ಜನರಿಗೂ ನಾನು ಹಾಗೇ ಮಾತಾಡಿದ್ದೆ ಅಲ್ವಾ, ಅವರೇ ಕೇಳಿದ್ದಾರೆ ಅನ್ನುವ ಧೈರ್ಯದಲ್ಲಿ? ಇಂಥ ಲೀಡ್ ಕೊಂಡವರು ಇಲ್ಲಿ ಇನ್ನೂ ಎಷ್ಟು ಜನ ಇದ್ದೀರಿ? ಕಾನೂನು ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮ ಹೊಣೆ ಎಲ್ಲಿಯವರೆಗೆ?

ಹರಿಹರ_ಹೊಸಬ

ಅಣ್ಣಾ, ಬೇಜಾರಾಗಬೇಡಿ, ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ನಾನು ಏಜೆಂಟ್ ಆಗಲು ಬೇಕಾದ ಐಸಿ-38 ಪರೀಕ್ಷೆ ಪಾಸಾಗಿ ಹದಿನಾಲ್ಕು ತಿಂಗಳಾಯಿತು. ಮೊದಲ ಆರು ತಿಂಗಳು ಅತ್ತಿಗೆ, ಮಾವ, ಕ್ಲಾಸ್‌ಮೇಟ್ ಎಲ್ಲ ಮುಗಿದರು. ಈಗ ಮದುವೆ ಮನೆಗೆ ಹೋದರೆ ನೆಂಟರು ಪಕ್ಕಕ್ಕೆ ಸರಿಯುತ್ತಾರೆ. ಬ್ರಾಂಚಿನಲ್ಲಿ ಸೋಮವಾರ ಬೋರ್ಡ್ ಮೇಲೆ ಹೆಸರು, ಹೆಸರಿನ ಮುಂದೆ ಸೊನ್ನೆ. ಲೀಡ್ ಎಲ್ಲಿಂದ ತರುವುದು?

ನಾನು 500 ನಂಬರು ಕೊಂಡಿದ್ದೇನೆ. ಆದರೆ ರೋಬೋಕಾಲ್ ಮಾಡಿದ್ದು ನಾನಲ್ಲ. ಏನು ರೆಕಾರ್ಡ್ ಮಾಡಿದ್ದರು ಅಂತಲೂ ಗೊತ್ತಿಲ್ಲ. ಅವನು ಡೇಟಾ ಮಾರಿದ, ನಾನು ಕೊಂಡೆ. ತಪ್ಪು ಅವನದಲ್ವಾ?

ಕೋರ್ಟ್_ರಸ್ತೆ

ವಕೀಲಿ ಮಾಡುತ್ತೇನೆ, ಆದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡಬೇಕು. ‘ನಾನು ಕರೆ ಮಾಡಿಲ್ಲ, ಡೇಟಾ ಕೊಂಡೆ’ ಅನ್ನುವುದು ಅಂದುಕೊಂಡಷ್ಟು ಗಟ್ಟಿ ಗೋಡೆ ಅಲ್ಲ.

ಮೊದಲು ಫೋನಿನ ನಿಯಮ. ಟ್ರಾಯ್ ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ. ಟ್ರಾಯ್‌ನ 2018ರ ನಿಯಮಾವಳಿ ಪ್ರಕಾರ ಮಾರಾಟದ ಕರೆ ಮಾಡುವವರು ಟೆಲಿಕಾಂ ಕಂಪನಿಯಲ್ಲಿ ನೋಂದಣಿ ಆಗಿರಬೇಕು. ಮಾರಾಟದ ಕರೆಗೆ 140ರ ಸರಣಿ. ಬ್ಯಾಂಕು, ವಿಮೆ ಕಂಪನಿಗಳ ಸೇವೆಯ ಕರೆಗೆ 1600ರ ಸರಣಿ. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಸಾಲಾಗಿ ಮಾರಾಟದ ಕರೆ ಮಾಡಿದರೆ ನೀವು ನೋಂದಣಿ ಇಲ್ಲದ ಟೆಲಿಮಾರ್ಕೆಟರ್. ನಿಮ್ಮ ಶೀಟಿನ ಜನರಿಗೆ ಎರಡನೇ ಕರೆ ಮಾಡಿದ್ದು ಯಾರ ಸಿಮ್? ನಿಮ್ಮದು.

2025ರ ಫೆಬ್ರವರಿಯಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. ಮೊದಲು 7 ದಿನದಲ್ಲಿ 10 ದೂರು ಬಂದರೆ ಕ್ರಮ ಇತ್ತು. ಈಗ 10 ದಿನದಲ್ಲಿ 5 ದೂರು ಸಾಕು. ದೂರು ಕೊಡಲು ಜನರಿಗೆ ಮೂರು ದಿನ ಇದ್ದದ್ದು ಏಳು ದಿನ ಆಯಿತು. ನೋಂದಣಿ ಇಲ್ಲದವರ ಮೇಲೆ ದೂರು ಕೊಡಲು ಡಿಎನ್‌ಡಿ (ಮಾರಾಟದ ಕರೆ ಬೇಡ ಅನ್ನುವ ನೋಂದಣಿ) ಹಾಕಿಸಿರಬೇಕು ಅಂತಲೂ ಇಲ್ಲ. ಮೊದಲ ತಪ್ಪಿಗೆ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಎಲ್ಲಾ ಕಂಪನಿಯ ನಿಮ್ಮ ಎಲ್ಲಾ ಸಂಪರ್ಕ ಒಂದು ವರ್ಷ ಕಟ್. ಏಜೆಂಟನಿಗೆ ಫೋನ್ ಇಲ್ಲದ ಒಂದು ವರ್ಷ ಅಂದರೆ ಏನು ಅಂತ ಯೋಚಿಸಿ. ಹಳೆಯ ಗ್ರಾಹಕರು ಆಸ್ಪತ್ರೆಯಿಂದ ಕರೆ ಮಾಡುವುದೂ ಆ ನಂಬರಿಗೇ.

ಸುಮ್ನೆ ಕಾಗದದ ಮೇಲಿನ ಬೆದರಿಕೆ ಅಂದುಕೊಳ್ಳಬೇಡಿ. 2024ರ ಆಗಸ್ಟ್ 13ರಂದು ಟ್ರಾಯ್ ಕಟ್ಟಪ್ಪಣೆ ಹೊರಡಿಸಿತು. ಮೂರು ವಾರದೊಳಗೆ 2.75 ಲಕ್ಷಕ್ಕಿಂತ ಹೆಚ್ಚು ಸಂಪರ್ಕ ಕತ್ತರಿಸಿದ್ದರು. 50ಕ್ಕೂ ಹೆಚ್ಚು ಸಂಸ್ಥೆ ಕಪ್ಪುಪಟ್ಟಿಗೆ ಹೋದವು.

ಎರಡನೆಯದು 1938ರ ವಿಮಾ ಕಾಯ್ದೆ. ಇದನ್ನು ಎಲ್ಲರೂ ಪರೀಕ್ಷೆಗೆ ಓದಿ ಮರೆತಿರುತ್ತೀರಿ. 40ನೇ ಕಲಂ ಹೇಳುವುದು ಇಷ್ಟು: ವಿಮೆ ವ್ಯವಹಾರ ಕೇಳಿ ತರುವ ಕೆಲಸಕ್ಕೆ ಏಜೆಂಟ್ ಅಥವಾ ಅಧಿಕೃತ ಮಧ್ಯವರ್ತಿ ಬಿಟ್ಟು ಬೇರೆ ಯಾರಿಗೂ ಕಮಿಷನ್ ರೂಪದಲ್ಲಾಗಲಿ ಇನ್ನೊಂದು ರೂಪದಲ್ಲಾಗಲಿ ಪ್ರತಿಫಲ ಕೊಡುವಂತಿಲ್ಲ. ಬರೀ ನಂಬರಿನ ಪಟ್ಟಿಗೆ ದುಡ್ಡು ಕೊಟ್ಟೆ ಅಂತ ನೀವು ವಾದ ಮಾಡಬಹುದು. ಆದರೆ ಅವನು ಜನರಿಗೆ ಕರೆ ಮಾಡಿ ‘ಪಾಲಿಸಿ ಬೇಕಾ’ ಅಂತ ಕೇಳಿಸಿ, ಹೂಂ ಅಂದವರನ್ನು ಮಾತ್ರ ನಿಮಗೆ ಕೊಟ್ಟಿದ್ದಾನೆ. ಅದು ಪಟ್ಟಿಯಾ, ವ್ಯವಹಾರ ಕೇಳಿ ತಂದದ್ದಾ? ಪಾಲಿಸಿ ಆದ ಮೇಲೆ ಇಷ್ಟು ಅಂತ ಒಪ್ಪಂದ ಆಗಿದ್ದರಂತೂ ನಿಮ್ಮ ವಾದ ನಿಲ್ಲುವುದು ಕಷ್ಟ.

ಮೂರನೆಯದು ಚನ್ನಗಿರಿಯ ಅಮ್ಮನ ವಿಷಯ, ಅದು ಬೇರೆಯೇ ಮಟ್ಟದ್ದು. ಇಲ್ಲದ ಬೋನಸ್ ಇದೆ ಅನ್ನುವುದು ಮಾರಾಟ ಅಲ್ಲ, ಮೋಸ. ವಿಮಾ ಕಂಪನಿಯವರು ಅಥವಾ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನವರು ಅಂತ ಸುಳ್ಳು ಹೇಳಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಡಿ ಕಲಂ ಬರುತ್ತದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಗೊತ್ತಿಲ್ಲದೆ ಕೊಂಡಿರಿ ಅಂತ ಇಟ್ಟುಕೊಳ್ಳಿ. ಗೊತ್ತಾದ ಮೇಲೂ ಆ ಪಟ್ಟಿ ಬಳಸಿದರೆ ‘ಗೊತ್ತಿರಲಿಲ್ಲ’ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಜಗಳೂರು_ಮೆಕ್ಕೆಜೋಳ

ನಾನು ಏಜೆಂಟ್ ಅಲ್ಲ, ರೈತ. ತಮ್ಮ ಏಜೆಂಟ್, ಅವನ ಫೋನಿನಲ್ಲಿ ಓದಿ ಬರೆಯುತ್ತಿದ್ದೇನೆ.

ನಮಗೆ ಕರೆ ಬರುವುದು ಕೆಲಸದ ಹೊತ್ತಿಗೇ. ಬೆನ್ನ ಮೇಲೆ ಔಷಧಿ ಪಂಪು, ಕೈಯೆಲ್ಲ ಔಷಧಿ. ಫೋನ್ ಹೊಡೆಯಿತು ಅಂತ ಪಂಪು ಇಳಿಸಿ, ಕೈ ಒರೆಸಿಕೊಂಡು ಎತ್ತಿದರೆ ಮಿಷನ್ನು ಮಾತಾಡುತ್ತಿರುತ್ತದೆ. ಮಗಳು ದಾವಣಗೆರೆ ಹಾಸ್ಟೆಲ್‌ನಲ್ಲಿ ಓದುತ್ತಾಳೆ, ಹಾಗಾಗಿ ಹೊಸ ನಂಬರ್ ಬಂದರೆ ಬಿಡುವ ಹಾಗಿಲ್ಲ. ಒಂದು ದಿನ ಸಿಟ್ಟಿನಲ್ಲಿ ಕರೆ ನಿಲ್ಲಲಿ ಅಂತ 9 ಒತ್ತಿದೆ, ಅವರೇ ಹಾಗೆ ಹೇಳಿದ್ದು. ಅವತ್ತಿನಿಂದ ಜಾಸ್ತಿ ಆಯಿತು.

ಇನ್ನೊಂದು ಮಾತು. ಬೆಳೆ ವಿಮೆ ಹಣ ಜಮಾ ಆಗಿದೆ ಅಂತ ನಿಜವಾದ ಕರೆ ಬಂದರೂ ಈಗ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನೀವು ವಿಮೆಯವರು ಅಂದ ಕೂಡಲೇ ಕಟ್ ಮಾಡುತ್ತಾರೆ. ಅದರ ನಷ್ಟ ನಿಮಗೂ ಹೌದು, ನಮಗೂ ಹೌದು.

ದುರ್ಗದ_ನೈಟ್‌ಶಿಫ್ಟ್

ಚಿತ್ರದುರ್ಗದವನು. ಬೆಂಗಳೂರಿನಲ್ಲಿ ನಾಲ್ಕು ವರ್ಷ ರಾತ್ರಿ ಪಾಳಿಯಲ್ಲಿ ಅಮೆರಿಕದ ವಿಮೆ ಏಜೆಂಟರಿಗೆ ಲೀಡ್ ಕೊಡುವ ಕೆಲಸ ಮಾಡಿದ್ದೇನೆ. ಮೇಲಿನವರು ಹೇಳಿದ 9ರ ವಿಷಯ ನಿಜ. 1 ಒತ್ತಿದರೂ 9 ಒತ್ತಿದರೂ ಯಂತ್ರಕ್ಕೆ ಗೊತ್ತಾಗುವುದು ಒಂದೇ: ಈ ನಂಬರಿನಲ್ಲಿ ಒಬ್ಬ ಜೀವಂತ ಮನುಷ್ಯ ಇದ್ದಾನೆ, ಕೇಳಿಸಿಕೊಳ್ಳುತ್ತಾನೆ. ಆ ನಂಬರಿನ ಬೆಲೆ ಅಲ್ಲೇ ಏರುತ್ತದೆ.

ಶೀಟು ನಿಮಗೊಬ್ಬರಿಗೇ ಮಾರಿದ್ದಾರೆ ಅಂತ ನಂಬಬೇಡಿ. ನಮ್ಮಲ್ಲಿ ಮೊದಲ ದಿನ ಒಬ್ಬರಿಗೆ ಒಂದು ಬೆಲೆ, ವಾರ ಬಿಟ್ಟು ನಾಲ್ವರಿಗೆ ಅರ್ಧ ಬೆಲೆ, ತಿಂಗಳಾದ ಮೇಲೆ ಕೇಳಿದವರಿಗೆಲ್ಲ ಚಿಲ್ಲರೆ ರೇಟಿಗೆ. ಅದಕ್ಕೆ ಹಳೇ ಲೀಡ್ ಅನ್ನುತ್ತಿದ್ದೆವು. ಹೆಸರು ಹಾಕಿದ ಕಾಲಂ ಅದೇ, ತಾರೀಖು ಮಾತ್ರ ಬದಲಾಯಿಸುತ್ತಿದ್ದರು.

ಅಲ್ಲಿಯ ಕಾನೂನು ಹೇಳುತ್ತೇನೆ, ನಮಗೂ ಪಾಠ ಇದೆ. ಅಮೆರಿಕದಲ್ಲಿ 1991ರಿಂದ ಟಿಸಿಪಿಎ ಅಂತ ಕಾಯ್ದೆ ಇದೆ. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿದ ದನಿಯಲ್ಲಿ ಮಾರಾಟದ ಕರೆ ಬಂದರೆ, ಕರೆ ಬಂದ ಮನುಷ್ಯನೇ ಕೋರ್ಟಿಗೆ ಹೋಗಬಹುದು. ಒಂದು ಕರೆಗೆ 500 ಡಾಲರ್, ಬೇಕೆಂದೇ ಮಾಡಿದ್ದು ಅಂತ ಸಾಬೀತಾದರೆ 1,500 ಡಾಲರ್‌ವರೆಗೆ. ಲೆಕ್ಕ ಕರೆಗೆ, ಆದ್ದರಿಂದ ಹತ್ತು ಸಾವಿರ ಕರೆ ಅಂದರೆ ಏನಾಗುತ್ತದೆ ನೋಡಿ. ಕರೆ ಮಾಡಿದ ಕಂಪನಿ ಎಲ್ಲೋ ಪರದೇಶದಲ್ಲಿ ಇರುತ್ತದೆ, ಸಿಗುವುದಿಲ್ಲ. ಸಿಗುವವನು ಲೀಡ್ ಕೊಂಡ ಏಜೆಂಟ್. ಅವನಿಗೆ ಲೈಸೆನ್ಸ್ ಇದೆ, ಆಫೀಸ್ ಇದೆ, ವಿಳಾಸ ಇದೆ. ನಿನ್ನ ಪರವಾಗಿ ಇನ್ನೊಬ್ಬ ಕರೆ ಮಾಡಿದರೂ ನೀನು ಹೊಣೆಗಾರ ಆಗಬಹುದು ಅಂತ ಅಲ್ಲಿಯ ಟೆಲಿಕಾಂ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2013ರಲ್ಲೇ ಹೇಳಿದೆ. 2024ರ ಫೆಬ್ರವರಿಯಲ್ಲಿ ಎಐನಿಂದ ಮಾಡಿದ ದನಿಯೂ ಅದೇ ಕಾಯ್ದೆಗೆ ಬರುತ್ತದೆ ಅಂತ ಸ್ಪಷ್ಟ ಮಾಡಿದರು.

ಒಂದು ಒಪ್ಪಿಗೆ ಒಬ್ಬ ಮಾರಾಟಗಾರನಿಗೆ ಮಾತ್ರ ಅನ್ನುವ ನಿಯಮವನ್ನೂ ಅವರು ತರಲು ಹೊರಟಿದ್ದರು. ವಿಮೆ ಮಾರಾಟದವರ ಒಂದು ಒಕ್ಕೂಟವೇ ಕೋರ್ಟಿಗೆ ಹೋಯಿತು. 2025ರ ಜನವರಿಯಲ್ಲಿ, ಜಾರಿಗೆ ಬರಲು ಮೂರು ದಿನ ಇರುವಾಗ, ಮೇಲ್ಮನವಿ ಕೋರ್ಟ್ ಅದನ್ನು ರದ್ದು ಮಾಡಿತು. ನನಗೆ ಇವತ್ತಿಗೂ ಬೇಸರ. ಯಾಕೆಂದರೆ ಒಂದೇ ಅಜ್ಜಿಯ ಒಪ್ಪಿಗೆಯನ್ನು ಹಲವರಿಗೆ ಮಾರಿದ್ದನ್ನು ನಾನೇ ಕುಳಿತು ನೋಡಿದ್ದೇನೆ. ಅದಕ್ಕೇ ಬಿಟ್ಟು ಊರಿಗೆ ಬಂದೆ.

ಹರಿಹರ_ಹೊಸಬ

ಅಮೆರಿಕದ ಕಾನೂನು ಇಲ್ಲಿ ನಡೆಯುತ್ತಾ? ನಮ್ಮಲ್ಲಿ ಡೇಟಾ ಕೊಂಡಿದ್ದಕ್ಕೆ ಯಾರು ಕೇಳುತ್ತಾರೆ?

ಕೋರ್ಟ್_ರಸ್ತೆ

ಅಲ್ಲಿಯ ಕಾನೂನು ಇಲ್ಲಿ ನಡೆಯುವುದಿಲ್ಲ, ಸರಿ. ಆದರೆ ಇಲ್ಲಿಯದೂ ಬರುತ್ತಿದೆ. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಒಪ್ಪಿಗೆ ಅಂದರೆ ಒತ್ತಾಯ ಇಲ್ಲದ, ಯಾವ ಕೆಲಸಕ್ಕೆ ಅಂತ ತಿಳಿಸಿ ಪಡೆದ, ಆ ಕೆಲಸಕ್ಕೆ ಮಾತ್ರ ಸೀಮಿತವಾದ ಒಪ್ಪಿಗೆ. ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ತಿಳಿವಳಿಕೆ ಕನ್ನಡದಲ್ಲಿ ಬೇಕು ಅಂದರೆ ಕನ್ನಡದಲ್ಲಿ ಕೊಡಬೇಕು. ಬೋನಸ್ಸಿಗೆ 1 ಒತ್ತಿದ್ದು ಇದರಲ್ಲಿ ಯಾವುದಕ್ಕೆ ಹೊಂದುತ್ತದೆ? ಡೇಟಾ ಸರಿಯಾಗಿ ಕಾಪಾಡದೆ ಸೋರಿಹೋದರೆ ದಂಡ 250 ಕೋಟಿಯವರೆಗೆ ಹೋಗಬಹುದು. ಅಷ್ಟು ನಿಮ್ಮ ಮೇಲೆ ಹಾಕುತ್ತಾರೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಆ ಕಾಯ್ದೆ ದೊಡ್ಡ ಕಂಪನಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಇದಕ್ಕೆಲ್ಲ ಬುನಾದಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು. ಆ ಕೇಸಿಗೆ ಹೆಸರು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಇಳಿವಯಸ್ಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿ ಅವರು ಕೇಳಿದ ಹಕ್ಕು ಚನ್ನಗಿರಿಯ ಆ ಮನೆಗೂ ಸೇರಿದ್ದು.

ಹಳೇ_ಡಿಓ

ಮೂವತ್ತು ವರ್ಷ ಡೆವಲಪ್‌ಮೆಂಟ್ ಆಫೀಸರ್ ಆಗಿದ್ದೆ, ಏಜೆಂಟರನ್ನು ಸೇರಿಸಿ ತಯಾರು ಮಾಡುವ ಕೆಲಸ, ಈಗ ನಿವೃತ್ತ. ಹರಿಹರದ ತಮ್ಮನಿಗೆ ಬೈಯಬೇಡಿ. ಅವನನ್ನು ಸೇರಿಸಿಕೊಂಡವರು ನೆಂಟರ ಪಟ್ಟಿ ಬರೆಸಿಕೊಂಡರು, ಅದು ಮುಗಿದ ಮೇಲೆ ಏನು ಮಾಡಬೇಕು ಅಂತ ಕಲಿಸಲಿಲ್ಲ. ಆ ತಪ್ಪಿನಲ್ಲಿ ನಮ್ಮಂಥವರ ಪಾಲೂ ಇದೆ.

ಆದರೆ ತಮ್ಮಾ, ಲೆಕ್ಕ ಹಾಕಿ ನೋಡು. ಇಂಥ ಲೀಡಿನಿಂದ ಆದ ಪಾಲಿಸಿ ನಿಲ್ಲುವುದಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ ವಾಪಸ್ ಕೊಡಲು ಈಗ 30 ದಿನ ಇದೆ. ಮಗ ಬಂದು ಓದುತ್ತಾನೆ, ಬೋನಸ್ ಎಲ್ಲಿ ಅಂತ ಕೇಳುತ್ತಾನೆ, ವಾಪಸ್ ಹೋಗುತ್ತದೆ. ನಿನ್ನ ಕಮಿಷನ್ನೂ ವಾಪಸ್. ಆ 30 ದಿನ ದಾಟಿದರೂ ಎರಡನೇ ವರ್ಷದ ಕಂತು ಕಟ್ಟುವುದಿಲ್ಲ. ಹದಿಮೂರನೇ ತಿಂಗಳಿಗೆ ಎಷ್ಟು ಪಾಲಿಸಿ ಉಳಿದಿವೆ ಅನ್ನುವ ಲೆಕ್ಕದಲ್ಲಿ ನಿನ್ನ ಹೆಸರು ಕೆಳಗೆ ಬೀಳುತ್ತದೆ. ಆಗ ಲ್ಯಾಪ್ಸ್ ಆದ ಪಾಲಿಸಿ ಮುಚ್ಚಲು ಮೊದಲ ಕಂತು ನಾನೇ ಕಟ್ಟುತ್ತೇನೆ ಅಂತ ಹೊಸಬರನ್ನು ಹಿಡಿಯುತ್ತೀಯ. ಅದು ಅದೇ ವಿಮಾ ಕಾಯ್ದೆಯ 41ನೇ ಕಲಂ, ರಿಯಾಯಿತಿ ಕೊಟ್ಟ ತಪ್ಪು, ದಂಡ ಹತ್ತು ಲಕ್ಷದವರೆಗೆ. ಹೀಗೆ ಹಾಳಾದ ಹುಡುಗರನ್ನು ನೋಡಿದ್ದೇನೆ.

ನಾನು ಹೊಸಬರಿಗೆ ಹೇಳುತ್ತಿದ್ದದ್ದು ಹಳೇ ಕೆಲಸ. ಲಾರಿ ಸ್ಟ್ಯಾಂಡಿಗೆ ಹೋಗು, ಗ್ಯಾರೇಜಿಗೆ ಹೋಗು, ಎಪಿಎಂಸಿ ಹಮಾಲರ ಹತ್ತಿರ ಕೂತು ಮಂಡಕ್ಕಿ ಮಿರ್ಚಿ ತಿನ್ನು. ಮೊದಲ ದಿನ ಪಾಲಿಸಿ ಮಾತು ಎತ್ತಬೇಡ. ಮನೆಯಲ್ಲಿ ಇರುವ ಹಳೇ ಪಾಲಿಸಿ ಕಾಗದ ತರಲು ಹೇಳು, ನಾಮಿನಿ ಹೆಸರು ಸರಿ ಇದೆಯಾ ನೋಡಿಕೊಡು. ಹತ್ತರಲ್ಲಿ ನಾಲ್ಕರಲ್ಲಿ ನಾಮಿನಿ ತೀರಿಹೋದ ಅಮ್ಮ ಇರುತ್ತಾರೆ, ಮದುವೆ ಆಗಿ ಹದಿನೈದು ವರ್ಷ ಆಗಿದ್ದರೂ. ಅದನ್ನು ಸರಿ ಮಾಡಿಕೊಟ್ಟರೆ ಅವರೇ ನಿನ್ನ ನಂಬರು ಇನ್ನೊಬ್ಬರಿಗೆ ಕೊಡುತ್ತಾರೆ. ನಿಧಾನ, ಹೌದು. ಆದರೆ ಆ ಲೀಡಿಗೆ ಯಾರೂ ದೂರು ಕೊಡುವುದಿಲ್ಲ.

ವಿದ್ಯಾನಗರ_ಏಜೆಂಟ್

ಎಲ್ಲರಿಗೂ ವಂದನೆ. ಮುಂದೆ ಏನಾಯಿತು ಅಂತ ಹೇಳಬೇಕು.

ನಾನು ಆ ಅಮ್ಮನಿಗೆ ವಾಪಸ್ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿಮ್ಮ ನಂಬರು ದುಡ್ಡು ಕೊಟ್ಟು ತಂದೆ, ಬೋನಸ್ ಅನ್ನುವುದು ಸುಳ್ಳು, ಯಾರಾದರೂ ಚಾರ್ಜು ಕಟ್ಟಿ ಅಂದರೆ ಒಂದು ರೂಪಾಯಿ ಕೊಡಬೇಡಿ ಅಂದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹಾಗಾದರೆ ಅವರದ್ದು ಏನೂ ಇಲ್ವಾ ಅಂದರು.

ಪಾಸ್‌ಬುಕ್ ಇದೆಯಾ ಅಂತ ಕೇಳಿದೆ. ಭಾನುವಾರ ಬಸ್ ಹತ್ತಿ ಹೋದೆ. ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ, ಅದರೊಳಗೆ ರೇಷನ್ ಕಾರ್ಡ್, ಅಡಿಕೆ ಮಂಡಿಯ ಎರಡು ಚೀಟಿ. ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಬಂದೆ. ಮೇ ಕೊನೆಯಲ್ಲಿ ಒಂದು ಕಡಿತ ಇತ್ತು: 436 ರೂಪಾಯಿ. ಹಿಂದಿನ ವರ್ಷವೂ ಅದೇ ತಿಂಗಳು ಅದೇ 436.

ನಿಮಗೆಲ್ಲ ಗೊತ್ತು, ಅದು ಕೇಂದ್ರ ಸರ್ಕಾರದ ಜೀವನ್ ಜ್ಯೋತಿ ವಿಮಾ ಯೋಜನೆಯ ವರ್ಷದ ಕಂತು. ಎರಡು ಲಕ್ಷದ ವಿಮೆ. ಗಂಡ ಬ್ಯಾಂಕಿನಲ್ಲಿ ಯಾವಾಗಲೋ ಸಹಿ ಹಾಕಿದ್ದಾರೆ, ಮನೆಯಲ್ಲಿ ಹೇಳಿಲ್ಲ. ಅವರಿಗೆ 48 ವರ್ಷ ಆಗಿತ್ತು, ಕಂತು ಹೋಗಿತ್ತು, ನಾಮಿನಿ ಹೆಂಡತಿಯೇ. ಸುಳ್ಳು ಬೋನಸ್ಸಿಗೆ ಕಾಯುತ್ತಿದ್ದವರಿಗೆ ನಿಜವಾಗಿ ಕೇಳಬಹುದಾದ ಹಣ ಅದೇ ಕವರಿನಲ್ಲಿ ಇತ್ತು. ಮರಣ ಪತ್ರ, ಆಧಾರ್ ಸೇರಿಸಿ ಮಾರನೇ ದಿನ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ತಗೊಂಡೆವು. ಹಣ ಇನ್ನೂ ಬಂದಿಲ್ಲ.

ಜಗಳೂರು_ಮೆಕ್ಕೆಜೋಳ

ಒಳ್ಳೇ ಕೆಲಸ. ಆದರೂ ಕೇಳುತ್ತೇನೆ. ನೀವು ಎರಡನೇ ಸಲ ಫೋನ್ ಮಾಡಿದ್ದೂ ಅದೇ ಕೊಂಡ ನಂಬರಿಗೇ ಅಲ್ವಾ?

ವಿದ್ಯಾನಗರ_ಏಜೆಂಟ್

ಹೌದು. ನೀವೇ ಮಾಡಿ ಅಂತ ಅವರು ಹೇಳಿದ್ದರು, ಅದಕ್ಕೆ ಮಾಡಿದೆ. ಹಾಗಂತ ಮೊದಲ ಕರೆ ಸರಿ ಆಗುವುದಿಲ್ಲ. ಒಬ್ಬರಿಗೆ ಉಪಯೋಗ ಆಯಿತು ಅಂತ 200 ಜನರ ನಂಬರು ಕೊಂಡದ್ದನ್ನು ನಾನು ಸಮರ್ಥಿಸುವುದಿಲ್ಲ. ಅವರ ಹತ್ತಿರ ಯಾವ ಪಾಲಿಸಿಯ ಮಾತೂ ಎತ್ತಿಲ್ಲ, ಮುಂದೆಯೂ ಎತ್ತುವುದಿಲ್ಲ.

ಹರಿಹರ_ಹೊಸಬ

ನನ್ನ 500ರ ಶೀಟಿನಲ್ಲಿ 60 ಜನರಿಗೆ ಕರೆ ಮಾಡಿದ್ದೆ. ಇಬ್ಬರು ಬೋನಸ್ ಅಂದಿದ್ದರು. ನಾನು ರಾಂಗ್ ನಂಬರ್ ಅಂತ ಇಟ್ಟುಬಿಟ್ಟಿದ್ದೆ. ಈಗ ಏನು ಮಾಡಲಿ?

ಕೋರ್ಟ್_ರಸ್ತೆ

ಇನ್ನು ಒಂದು ಕರೆಯೂ ಬೇಡ. ಮಾರಿದವನ ಮೆಸೇಜು, ನಂಬರು, ಯುಪಿಐ ರಸೀದಿ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಂಚಾರ್ ಸಾಥಿ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ವಂಚನೆ ಕರೆಗೆಂದೇ ಇರುವ ಚಕ್ಷು ವಿಭಾಗದಲ್ಲಿ ದೂರು ಹಾಕಿ. ಯಾರಾದರೂ ಹಣ ಕಳೆದುಕೊಂಡಿದ್ದು ಗೊತ್ತಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಲು ಹೇಳಿ, ಅಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಸುಮ್ನೆ ಕಿರಿಕಿರಿ ಕರೆಗಾದರೆ 1909. ಶೀಟನ್ನು ಯಾರಿಗೂ ಕಳಿಸಬೇಡಿ, ದುಡ್ಡು ವಾಪಸ್ ಬರಲಿ ಅಂತ ಮರುಮಾರಾಟ ಅಂತೂ ಬೇಡವೇ ಬೇಡ. ದೂರು ದಾಖಲಾದ ಮೇಲೆ ಅಳಿಸಿ. ನಿಮ್ಮ ಬ್ರಾಂಚಿಗೂ ಬರವಣಿಗೆಯಲ್ಲಿ ತಿಳಿಸಿ. ಮುಜುಗರ ಆಗುತ್ತದೆ, ಆದರೂ ಮಾಡಿ. ನಾಳೆ ಪ್ರಶ್ನೆ ಬಂದಾಗ ನೀವೇ ಮೊದಲು ಹೇಳಿದ್ದಿರಿ ಅನ್ನುವುದು ಉಳಿಯುತ್ತದೆ.

ಹರಿಹರ_ಹೊಸಬ

ಬ್ರಾಂಚಿಗೆ ನಾಳೆ ಕೊಡುತ್ತೇನೆ. ಅದಕ್ಕೂ ಮೊದಲು ಆ ಇಬ್ಬರಿಗೆ ಬೋನಸ್ ಸುಳ್ಳು ಅಂತ ಹೇಳಬೇಕು ಅನ್ನಿಸುತ್ತಿದೆ. ಕೋರ್ಟ್ ರಸ್ತೆಯವರು ಬೇಡ ಅಂದಿದ್ದಾರೆ. ಆದರೂ ಅವರು ಕಾಯುತ್ತಿರಬಹುದು ಅಲ್ವಾ?

ಕೋರ್ಟ್_ರಸ್ತೆ

ಆ ಇಬ್ಬರಿಗೆ ಮಾಡಿ. ನಿಮ್ಮ ಹೆಸರು ಹೇಳಿ, ನಂಬರು ಎಲ್ಲಿ ಸಿಕ್ಕಿತು ಹೇಳಿ, ಎಚ್ಚರಿಸಿ ಇಟ್ಟುಬಿಡಿ. ಏನನ್ನೂ ಮಾರಬೇಡಿ.

ವಿದ್ಯಾನಗರ_ಏಜೆಂಟ್

ಇನ್ನೊಂದು ವಿಷಯ. ಚನ್ನಗಿರಿಯ ಅಮ್ಮ ನಿನ್ನೆ ಸಂಜೆ ಫೋನ್ ಮಾಡಿದ್ದರು. ಅವರಿಗೆ ಮತ್ತೊಬ್ಬ ಏಜೆಂಟ್ ಕರೆ ಮಾಡಿದ್ದಾರೆ. ಗಂಡನ ಹೆಸರು ಹೇಳಿ, ಅವರು ಆಸಕ್ತಿ ತೋರಿಸಿದ್ದಾರೆ ಅಂದರಂತೆ. ದಾವಣಗೆರೆಯಿಂದ ಅಂತಲೂ ಹೇಳಿದ್ದಾರೆ. ಅದೇ ಶೀಟು ಇರಬೇಕು. ನೀವು ಇದನ್ನು ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ. ಹೆಸರು ಯಾರಿಗೂ ಹೇಳುವುದಿಲ್ಲ. ಇಪ್ಪತ್ತಮೂರನೇ ಸಾಲನ್ನು ಮಾತ್ರ ಈಗಲೇ ತೆಗೆದುಬಿಡಿ.